ಓಣಿಯ ನಾಲ್ಕು ಕುರ್ಚಿಗಳು

ಜನವರಿ 12

ಚಿಕ್ಕಮ್ಮನಿಗೆ,

ಕಾಗದ ತಡವಾಯಿತೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಹೊಸ ಕೆಲಸಕ್ಕೆ ಸೇರಿ ತಿಂಗಳಾಯಿತು, ಇನ್ನೂ ಮೇಜಿನ ಡ್ರಾಯರಿಗೆ ಬೀಗದ ಕೈ ಸಿಕ್ಕಿಲ್ಲ. ಎರಡನೇ ಮಹಡಿಯಲ್ಲಿ ಉದ್ದನೆಯ ಕೋಣೆ. ಕಿಟಕಿಗಳಿವೆ, ತೆಗೆಯಲು ಬರುವುದಿಲ್ಲ. ಆರು ಜನ ಬೆನ್ನಿಗೆ ಬೆನ್ನು ಮಾಡಿ ಕಂಪ್ಯೂಟರ್ ಮುಂದೆ ಕೂರುತ್ತೇವೆ. ನಮ್ಮ ಮೇಲೆ ಒಬ್ಬ ಪ್ರೊಫೆಸರ್. ಒಳ್ಳೆಯವರೇ, ಆದರೆ ‘ಊಟ ಆಯ್ತಾ’ ಎಂದು ಕೇಳಿದರೂ ಉತ್ತರವನ್ನು ಬರೆದುಕೊಳ್ಳುತ್ತಾರೇನೋ ಅನ್ನಿಸುತ್ತದೆ.

ಏನು ಕೆಲಸ ಎಂದು ಚಿಕ್ಕಪ್ಪ ಕೇಳುತ್ತಿರುತ್ತಾರೆ. ಬಡತನ ಅಳೆಯುವ ಕೆಲಸ ಎಂದು ಹೇಳು. ನಗಬೇಡಿ ಇಬ್ಬರೂ. ಯಾರು ಎಷ್ಟು ಬಡವರು, ಅವರಿಗೆ ನೆರವು ಕೊಟ್ಟರೆ ಬದುಕು ನಿಜಕ್ಕೂ ಸುಧಾರಿಸುತ್ತದೆಯೇ, ಇದನ್ನು ಅಂದಾಜಿನ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ, ಅಳೆದು ಹೇಳಬೇಕು. ಕೂಲಿಯವರನ್ನು ‘ಎಷ್ಟು ಸಂಪಾದನೆ’ ಎಂದು ಕೇಳಿ ಪ್ರಯೋಜನವಿಲ್ಲ, ಇವತ್ತಿನ ಮಾತು ನಾಳೆಗೆ ಸುಳ್ಳಾಗುತ್ತದೆ. ಅದಕ್ಕೆ ಮನೆಯನ್ನು ನೋಡಿ ಅಳೆಯುತ್ತೇವೆ. ಕೆಲವೇ ಪ್ರಶ್ನೆ, ಒಂದೊಂದಕ್ಕೂ ಅಂಕ. ಅದರಲ್ಲಿ ಒಂದು ಪ್ರಶ್ನೆ ನನ್ನದು ಚಿಕ್ಕಮ್ಮ! ಸಭೆಯಲ್ಲಿ ಹೆದರುತ್ತಲೇ ಹೇಳಿದೆ. ಪ್ರೊಫೆಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು, ಆಮೇಲೆ ಒಪ್ಪಿಕೊಂಡರು. ಯಾವ ಪ್ರಶ್ನೆ ಎಂದು ಮಾತ್ರ ಹೇಳುವಂತಿಲ್ಲ.

ಮುಂದಿನ ತಿಂಗಳು ನಮ್ಮ ಓಣಿಗೂ ಸಮೀಕ್ಷೆಯವರು ಬರುತ್ತಾರೆ. ನೆಂಟರಿರುವ ಕಡೆ ಹೋಗಬಾರದೆಂಬ ನಿಯಮವಿರುವುದರಿಂದ ನಾನು ಬರುವಂತಿಲ್ಲ. ಆ ಅಂಕದಿಂದ ಯಾರಿಗೆ ಏನಾಗುತ್ತದೆಂದು ಹೇಳುವುದೂ ತಪ್ಪು. ಗೊತ್ತಾದರೆ ಜನ ಉತ್ತರವನ್ನು ಅದಕ್ಕೆ ತಕ್ಕಂತೆ ತಿರುಗಿಸಿಬಿಡುತ್ತಾರೆ. ಬಂದವರಿಗೆ ನಿಜ ಹೇಳಿ, ಅಷ್ಟು ಸಾಕು.

ಪಕ್ಕದ ಮನೆಯ ಇಸ್ತ್ರಿಯವನಲ್ಲಿ ಫೋನ್ ಇದೆಯಲ್ಲ, ಒಂದು ಸಲ ಬಂದು ಮಾತಾಡು ಎಂದರೆ ಯಾಕೆ ಒಲ್ಲೆ ಎನ್ನುತ್ತೀ?

ನಿನ್ನ ಯಾಕಮ್ಮ

ಫೆಬ್ರವರಿ 20

ಯಾಕಮ್ಮನಿಗೆ ಆಶೀರ್ವಾದ.

ನಾವೆಲ್ಲ ಕ್ಷೇಮ. ಹಾಗೆ ಬರೆಯದೆ ಕಾಗದ ಶುರು ಮಾಡಲು ನನಗೆ ಬರುವುದಿಲ್ಲ, ಆದರೆ ಇದು ಅಭ್ಯಾಸಬಲದ ಮಾತಲ್ಲ, ನಿಜಕ್ಕೂ ಕ್ಷೇಮ. ಇಷ್ಟು ಓದಿ ದೊಡ್ಡ ಆಫೀಸು ಸೇರಿದರೂ ‘ಯಾಕೆ’ ಬಿಟ್ಟಿಲ್ಲವಲ್ಲ ನೀನು! ಮಾತು ಬಂದ ದಿನದಿಂದ ಅದೊಂದೇ ಕೇಳುತ್ತಿದ್ದೆ, ಅದಕ್ಕೇ ಆ ಹೆಸರಿಟ್ಟದ್ದು. ಇಸ್ತ್ರಿಯವನ ಮನೆಯಲ್ಲಿ ಫೋನು ಹಿಡಿದರೆ ಅರ್ಧ ಮಾತು ನಿನಗೆ, ಅರ್ಧ ಅವನ ಗಿರಾಕಿಗಳಿಗೆ. ಕಾಗದವಾದರೆ ನಮ್ಮಿಬ್ಬರ ಮಧ್ಯೆಯೇ ಇರುತ್ತದೆ.

ನಿನ್ನ ಕೆಲಸದ ವಿಷಯ ಓದಿ ಹೇಳಿದೆ. ನಿನ್ನ ಚಿಕ್ಕಪ್ಪ, “ಬಡತನ ಅಳೆಯೋಕೂ ಸಂಬಳ ಕೊಡ್ತಾರಾ? ಮೊದ್ಲೇ ಗೊತ್ತಿದ್ರೆ ನಾನೇ ಟೇಪು ಹಿಡ್ಕೊಂಡು ಹೋಗ್ತಿದ್ದೆ, ನನಗೆ ಹುಟ್ಟಿದಾಗಿಂದ ಅನುಭವ ಇದೆ” ಅಂದರು.

ನಿಮ್ಮವರು ಬಂದಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವರ ಮೇಲ್ವಿಚಾರಕರು ಒಬ್ಬರು. ಪಾಪ, ಹುಡುಗಿಗೆ ಬಿಸಿಲಿನಲ್ಲಿ ಕತ್ತು ಸುಟ್ಟು ಕೆಂಪಾಗಿತ್ತು. ನಿನ್ನ ಜೊತೆ ಕೆಲಸ ಮಾಡುವವರು ಎಂದು ತಿಳಿದ ಮೇಲೆ ಬಿಡುತ್ತೇವೆಯೇ? ನಮ್ಮ ಮನೆಯಲ್ಲಷ್ಟೇ ಅಲ್ಲ, ಓಣಿಯ ಒಂದು ಮನೆಯಲ್ಲೂ ಅವರನ್ನು ನೆಲದ ಮೇಲೆ ಕೂರಿಸಲಿಲ್ಲ. ಎಲ್ಲ ಕಡೆ ಕುರ್ಚಿ, ಎಲ್ಲ ಕಡೆ ಟೀ. ಮೂರು ಕುರ್ಚಿಯಲ್ಲಿ ಅವರು, ನಾಲ್ಕನೆಯದರಲ್ಲಿ ಅವರ ಚೀಲ. ಹುಡುಗ ಕುರ್ಚಿಯ ಮೇಲೆ ಕೂತುಕೊಂಡೇ, “ಮನೇಲಿ ಕುರ್ಚಿ ಇದೆಯಾಮ್ಮಾ?” ಎಂದು ಕೇಳಿದ. ನಿನ್ನ ಚಿಕ್ಕಪ್ಪ ಸುಮ್ಮನಿರಬೇಕಲ್ಲ! “ಇಲ್ಲ ಸಾರ್, ನೀವು ಗಾಳಿ ಮೇಲೆ ಕೂತಿದ್ದೀರಿ” ಅಂದುಬಿಟ್ಟರು. ಎಲ್ಲರೂ ನಕ್ಕು ನಕ್ಕು ಸಾಕಾಯಿತು. ಇವರಿಗೆ ನಗು ಹೋಗಿ ಕೆಮ್ಮು ಹತ್ತಿಕೊಂಡಿತು. ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜಿ ಹಿಂಜಿ ಗಂಟಲಿಗೆ ಧೂಳು ಕೂತಿದೆ, ಬೇರೇನಿಲ್ಲ. “ಕುರ್ಚಿ ನಿಮ್ಮದೇನಾ?” ಎಂದೂ ಕೇಳಿದ. ನಮ್ಮದೇ ಎಂದೆ. ನೀನು ಹೇಳಿಕೊಟ್ಟ ಹಾಗೆ ಒಂದೂ ಸುಳ್ಳು ಹೇಳಿಲ್ಲ.

ಅಂಕ ಎಷ್ಟು ಬಂತು ಎಂದು ಗೊತ್ತಾದರೆ ಬರೆ. ಕಡಿಮೆ ಬಂದು ನಿನ್ನ ಆಫೀಸಿನಲ್ಲಿ ನಿನಗೆ ತಲೆ ತಗ್ಗಿಸುವಂತಾಗಬಾರದು.

ನನಗೆ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಬೇಕಾದಷ್ಟು ಬರುತ್ತಿದೆ. ಇವರು ಕೆಲವು ದಿನದಿಂದ ಮನೆಯಲ್ಲೇ ಇದ್ದಾರೆ, ಅಂಗಡಿಯಲ್ಲಿ ಕೆಲಸ ಕಡಿಮೆಯಂತೆ. ಒಳ್ಳೆಯದೇ ಆಯಿತು, ಸೂಜಿಗೆ ದಾರ ಪೋಣಿಸಿಕೊಡುತ್ತಾರೆ.

ಚಿಕ್ಕಮ್ಮ

ಮಾರ್ಚ್ 25

ಚಿಕ್ಕಮ್ಮ,

ಇದನ್ನು ಬರೆಯಬಾರದು. ಬರೆಯದೆ ಇರಲಾರೆ. ಓದಿ ಒಲೆಗೆ ಹಾಕು.

ನಮ್ಮ ಓಣಿಯ ಅಂಕಗಳು ಬಂದವು. ಕಾಗದದ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ನಮ್ಮ ಓಣಿಯ ಸಂಖ್ಯೆ ನನಗೆ ಗೊತ್ತು. ಪ್ರತಿ ಮನೆಯಲ್ಲೂ ಕುರ್ಚಿ ಇದೆ! ಒಂದಲ್ಲ, ನಾಲ್ಕು ನಾಲ್ಕು! ನಾನು ಹಾಸ್ಟೆಲಿಗೆ ಹೊರಟಾಗ ಇಡೀ ಓಣಿ ಹುಡುಕಿದರೂ ಒಂದು ಕುರ್ಚಿ ಸಿಗುತ್ತಿರಲಿಲ್ಲ. ನೀನು ಹೋದ ತಿಂಗಳು ಎಲ್ಲ ಕಡೆ ಕುರ್ಚಿ ಎಂದು ಬರೆದಾಗ ನಿನ್ನ ಎಂದಿನ ಬಡಾಯಿ ಅಂದುಕೊಂಡಿದ್ದೆ. ಪ್ರೊಫೆಸರ್ ಆ ಸಾಲಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, “ನೋಡಿ, ಯಾರ ನೆರವೂ ಇಲ್ಲದೆ ಮೇಲೆ ಬಂದ ಓಣಿ” ಎಂದರು. ನಾನು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು, ಸದ್ದು ಕೇಳದ ಹಾಗೆ ಅತ್ತುಬಿಟ್ಟೆ. ಇಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅಂತೂ ನೀನು ಗೆದ್ದೆ. ನಾನು ಕಳಿಸಿದ ಹಣವನ್ನೆಲ್ಲ ‘ಮೊದಲು ನಿನ್ನ ಓದಿನ ಸಾಲ ತೀರಿಸು’ ಎಂದು ಹಿಂದಕ್ಕೆ ಕಳಿಸುತ್ತಿದ್ದೆಯಲ್ಲ, ಇನ್ನು ನಾನು ಕಳಿಸುವುದಿಲ್ಲ. ನಿಮಗೆ ನಿಜಕ್ಕೂ ಬೇಕಾಗಿಲ್ಲ ಎಂದು ಈಗ ನಂಬಿಕೆ ಬಂತು.

ಚಿಕ್ಕಪ್ಪನಿಗೆ ಹೇಳು, ಕೆಲಸ ಕಡಿಮೆಯಿದ್ದರೆ ಕುರ್ಚಿಯ ಮೇಲೆ ಕಾಲು ಚಾಚಿ ಕೂತು ಆರಾಮ ಮಾಡಲಿ. ಜೀವನವಿಡೀ ಊರಿನವರ ಹಾಸಿಗೆಗೆ ಹತ್ತಿ ತುಂಬಿದ್ದು ಸಾಕು.

ಯಾಕಮ್ಮ

ಏಪ್ರಿಲ್ 30

ಮಗಳಿಗೆ ಆಶೀರ್ವಾದ.

ನಿನ್ನ ಕಾಗದ ಒಲೆಗೆ ಹಾಕಲಿಲ್ಲ. ನಿನ್ನ ಅಕ್ಷರವನ್ನು ಸುಡುವ ಕೈ ನನ್ನದಲ್ಲ. ಓಣಿ ಒಳ್ಳೆಯ ಅಂಕದಲ್ಲಿ ಪಾಸಾಯಿತು ಎಂದು ಇಸ್ತ್ರಿಯವನಿಗೆ ಹೇಳಿದೆ, ಅವನು ಎಲ್ಲರಿಗೂ ಸಾರಿದ. ಕುರ್ಚಿಯದು ಒಂದು ದೊಡ್ಡ ಕಥೆ, ನೀನು ಬಂದಾಗ ಹೇಳುತ್ತೇನೆ. ಈಗ ಹೇಳಿದರೆ ನಿನ್ನ ಸಂತೋಷಕ್ಕೆ ನೀರೆರಚಿದ ಹಾಗಾಗುತ್ತದೆ.

ಇನ್ನೊಂದು ವಿಷಯ. ಚರಂಡಿಯ ಆಚೆ ಓಣಿಯವರಿಗೆ ಈ ತಿಂಗಳಿಂದ ಒಂದು ನೆರವಿನ ಹಣ ಬರುತ್ತಿದೆ. ತಿಂಗಳು ತಿಂಗಳು ಬರುತ್ತದಂತೆ, ಎರಡು ವರ್ಷ. ಅಲ್ಲಿಯ ಮನೆಗಳೂ ನಮ್ಮ ಮನೆಗಳ ಹಾಗೆಯೇ ಇವೆ, ಅದೇ ತಗಡು, ಅದೇ ಗೋಡೆ, ಗಂಡಸರು ನಮ್ಮವರ ಜೊತೆಗೇ ಕೆಲಸಕ್ಕೆ ಹೋಗುವವರು. ಇಸ್ತ್ರಿಯವನು ದಿನವೂ, “ಅವರಿಗೇನು ಕೊಂಬಿದೆಯಾ ಅಕ್ಕಾ?” ಎಂದು ಕೇಳುತ್ತಾನೆ. ನೀನು ಅಂಥ ಆಫೀಸಿನಲ್ಲಿದ್ದೀಯಲ್ಲ, ನಮ್ಮ ಓಣಿಯನ್ನು ಮರೆತಿದ್ದಾರೇನೋ ಎಂದು ಯಾರನ್ನಾದರೂ ಕೇಳಿ ನೋಡು.

ನಿನ್ನ ಚಿಕ್ಕಪ್ಪನ ಕೆಮ್ಮಿಗೆ ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಬರೆದಿದ್ದಾರೆ. ನಿಲ್ಲಿಸದೆ ತೆಗೆದುಕೊಳ್ಳಬೇಕಂತೆ. ನಾವು ನಡುನಡುವೆ ನಿಲ್ಲಿಸುತ್ತೇವೆ, ನಿನಗೆ ಗೊತ್ತಲ್ಲ, ಇವರಿಗೆ ಮಾತ್ರೆ ಎಂದರೆ ಆಗುವುದಿಲ್ಲ. ಆ ಹಣ ಬಂದರೆ ಒಂದು ದಿನವೂ ಬಿಡದೆ ತಂದು, ಮೂಗು ಹಿಡಿದಾದರೂ ನುಂಗಿಸಬಹುದಿತ್ತು. ಗಾಬರಿಯಾಗಬೇಡ. ಮೊನ್ನೆಯೂ, “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಹಾಸಿಗೆ ಮಾಡೋನೇ ಕಾಲು ಮಡಚ್ಕೊಂಡು ಮಲಗಬೇಕಾ?” ಎಂದು ನಗಿಸುತ್ತಿದ್ದರು.

ಸುಮ್ಮನೆ ಕೇಳಿದೆ. ಆಗದಿದ್ದರೆ ಬಿಡು.

ಚಿಕ್ಕಮ್ಮ

ಮೇ 14

ಚಿಕ್ಕಮ್ಮನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬೇಸರವಾಯಿತು.

ಆ ನೆರವು ನಮ್ಮ ಸಂಸ್ಥೆ ಅಳೆದುಕೊಟ್ಟ ಅಂಕದ ಮೇಲೆಯೇ ನಿಂತಿದೆ. ಈಗ ಗುಟ್ಟೇನೂ ಉಳಿದಿಲ್ಲ, ಹೇಳುತ್ತೇನೆ. ಒಂದು ಗೆರೆ ಹಾಕಿದ್ದೇವೆ. ಅಂಕ ಗೆರೆಯ ಕೆಳಗಿದ್ದವರಿಗೆ ನೆರವು, ಮೇಲಿದ್ದವರಿಗೆ ಇಲ್ಲ. ನಮ್ಮ ಓಣಿ ಗೆರೆಯ ಮೇಲಿದೆ. ಆಚೆ ಓಣಿಯಲ್ಲಿ ಕೂರಲು ಒಂದು ಕುರ್ಚಿಯೂ ಇಲ್ಲದ ಮನೆಗಳು. ಸಮೀಕ್ಷೆಯ ಹುಡುಗಿ ಹೊಸ್ತಿಲ ಕಲ್ಲಿನ ಮೇಲೆ ಕೂತು ಬರೆದುಕೊಂಡಳಂತೆ. ಮುಂದಿನ ಜನವರಿಯಲ್ಲಿ ಎರಡು ಓಣಿಗಳನ್ನೂ ಮತ್ತೆ ಅಳೆಯುತ್ತೇವೆ. ನೆರವು ಪಡೆದವರು ಪಡೆಯದವರಿಗಿಂತ ಸುಧಾರಿಸಿದ್ದಾರೆಯೇ ಎಂದು ಆಗ ಗೊತ್ತಾಗುತ್ತದೆ. ನಡುವೆ ನನ್ನವರು ಎಂದು ಒಂದು ಓಣಿಯನ್ನು ಸೇರಿಸಿದರೆ ಇಡೀ ಅಧ್ಯಯನ ನೀರಲ್ಲಿ ಹೋಮ ಮಾಡಿದ ಹಾಗೆ, ನನ್ನ ಕೆಲಸವೂ ಹೋಗುತ್ತದೆ.

ಮಾತ್ರೆಯ ವಿಷಯ ಬರೆದಿದ್ದೀ. ನಾಲ್ಕು ಕುರ್ಚಿ ಕೊಳ್ಳುವವರಿಗೆ ಮಾತ್ರೆ ಕೊಳ್ಳುವುದು ಕಷ್ಟವೇ? ಚಿಕ್ಕಪ್ಪನ ಸೋಮಾರಿತನಕ್ಕೆ ನೆಪ ಹುಡುಕಿಕೊಡಬೇಡ, ಗದರಿಸಿ ನುಂಗಿಸು. ಇಲ್ಲದವರ ತಟ್ಟೆಗೆ ಕೈ ಹಾಕಬಾರದೆಂದು ನನಗೆ ಕಲಿಸಿದವಳು ನೀನು. ನಿನಗೇ ಅದನ್ನು ತಿರುಗಿ ಹೇಳುವ ಹಾಗೆ ಮಾಡಿದೆಯಲ್ಲ ಎಂದು ನನಗೆ ಬೇಸರ.

ತಪ್ಪು ತಿಳಿಯಬೇಡ.

ಯಾಕಮ್ಮ

ಜೂನ್ 9

ಮಗಳಿಗೆ,

ನೀನು ಹೇಳಿದ್ದು ಸರಿ. ಇನ್ನು ಕೇಳುವುದಿಲ್ಲ.

ಚಿಕ್ಕಪ್ಪ ಆಶೀರ್ವಾದ ಹೇಳಿದ್ದಾರೆ.

ಚಿಕ್ಕಮ್ಮ

ಜುಲೈ 21

ಚಿಕ್ಕಮ್ಮ,

ನಿನ್ನ ಕಾಗದ ಬಂದಾಗ ಲಕೋಟೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಿದೆ, ಒಳಗೆ ಇನ್ನೊಂದು ಹಾಳೆ ಉಳಿದಿರಬಹುದೆಂದು. ಒಂದು ಬೈಗುಳ ಇಲ್ಲ, ಒಂದು ತಮಾಷೆ ಇಲ್ಲ. ‘ನಾವೆಲ್ಲ ಕ್ಷೇಮ’ ಕೂಡ ಇಲ್ಲ. ಕೋಪವಿದ್ದರೆ ನಾಲ್ಕು ಬೈದು ಬರೆ. ನಿನ್ನ ಬೈಗುಳ ತಿಂದೇ ಇಷ್ಟು ಉದ್ದ ಬೆಳೆದವಳು ನಾನು.

ಇಸ್ತ್ರಿಯವನಿಗೆ ಫೋನ್ ಮಾಡಿದ್ದೆ. ‘ಅಕ್ಕ ಮನೇಲಿಲ್ಲ’ ಎಂದ. ‘ಚಿಕ್ಕಪ್ಪನನ್ನು ಕರಿ’ ಎಂದೆ. ‘ಅವರೂ ಇಲ್ಲ’ ಎಂದ. ಇಬ್ಬರೂ ಒಟ್ಟಿಗೆ ಎಲ್ಲಿಗೆ ಹೋಗಿದ್ದಿರಿ?

ಮಾತ್ರೆಗೆಂದು ಸ್ವಲ್ಪ ಹಣ ಕಳಿಸಿದ್ದೇನೆ. ದಯವಿಟ್ಟು ಹಿಂದಕ್ಕೆ ಕಳಿಸಬೇಡ.

ಯಾಕಮ್ಮ

ಸೆಪ್ಟೆಂಬರ್ 2

ಚಿಕ್ಕಮ್ಮ,

ಹಣವೂ ಹಿಂದಕ್ಕೆ ಬರಲಿಲ್ಲ, ಕಾಗದವೂ ಬರಲಿಲ್ಲ. ಹಣ ಇಟ್ಟುಕೊಂಡಿದ್ದೀಯ ಎಂದು ಮೊದಲು ಸಮಾಧಾನವಾಯಿತು. ಈಗ ಅದೇ ಹೆದರಿಕೆ. ನೀನು ಯಾವತ್ತೂ ಇಟ್ಟುಕೊಂಡವಳಲ್ಲ.

ನಾಡಿದ್ದು ಪ್ರೊಫೆಸರ್ ಜೊತೆ ದೊಡ್ಡ ಸಭೆಗೆಂದು ಎರಡು ವಾರ ಬೇರೆ ಊರಿಗೆ ಹೋಗುತ್ತಿದ್ದೇನೆ. ಮೊದಲ ಅಳತೆಯ ಫಲಿತಾಂಶವನ್ನು ನಾನೇ ನಿಂತು ಹೇಳಬೇಕು. ತಾವಾಗಿಯೇ ಮೇಲೆ ಬಂದವರು ಎಂಬ ಭಾಗದಲ್ಲಿ ನಮ್ಮ ಓಣಿಯ ಕಥೆಯನ್ನು ಇಟ್ಟುಕೊಂಡಿದ್ದೇನೆ. ಹೆಸರಿಲ್ಲದೆ. ವಾಪಸ್ ಬಂದ ಕೂಡಲೇ ರಜೆ ಹಾಕಿ ಬರುತ್ತೇನೆ. ನಿಯಮಗಿಯಮ ಆಮೇಲೆ ನೋಡಿಕೊಳ್ಳೋಣ.

ಯಾಕಮ್ಮ

ಸೆಪ್ಟೆಂಬರ್ 17

ಮಗಳೇ,

ಕೂತುಕೊಂಡು ಓದು. ನಿನ್ನ ಚಿಕ್ಕಪ್ಪ ಹೋದರು. ಈ ತಿಂಗಳು ಆರಕ್ಕೆ, ಬೆಳಗಿನ ಟೀ ಕುಡಿದ ಮೇಲೆ. ಹೆಚ್ಚು ನರಳಲಿಲ್ಲ ಎಂದು ಬರೆದರೆ ಸುಳ್ಳು. ಬಹಳ ನರಳಿದರು.

ಇಸ್ತ್ರಿಯವನು ನಿನ್ನ ಆಫೀಸಿಗೆ ಫೋನ್ ಮಾಡಿದ್ದ. ಸಭೆಗೆ ಬೇರೆ ಊರಿಗೆ ಹೋಗಿದ್ದೀಯ, ಎಲ್ಲರ ಮುಂದೆ ಮಾತಾಡುತ್ತೀಯ ಎಂದರಂತೆ. ಹಾಗಿದ್ದರೆ ಹೇಳುವುದು ಬೇಡ ಎಂದು ನಾನೇ ತಡೆದೆ. ಇವರಿದ್ದಿದ್ದರೂ ಅದನ್ನೇ ಹೇಳುತ್ತಿದ್ದರು. ಇವರನ್ನು ಇಟ್ಟುಕೊಂಡು ಕಾಯುವಂತಿರಲಿಲ್ಲ. ನನ್ನನ್ನು ಬೈದುಕೋ, ಆದರೆ ಅಳುತ್ತಾ ಊಟ ಬಿಡಬೇಡ.

ಈಗ ಮುಚ್ಚಿಡುವುದು ಏನೂ ಉಳಿದಿಲ್ಲ. ಚಳಿಗಾಲದಿಂದಲೇ ಇವರು ಕೆಲಸಕ್ಕೆ ಹೋಗಿರಲಿಲ್ಲ. ಎದೆಯೊಳಗೆ ಹತ್ತಿ ತುಂಬಿದ ಹಾಗಾಗಿದೆ ಎನ್ನುತ್ತಿದ್ದರು, ಡಾಕ್ಟರೂ ಹೆಚ್ಚು ಕಡಿಮೆ ಅದನ್ನೇ ಹೇಳಿದರು. ಫೋನಿಗೆ ಯಾಕೆ ಬರುವುದಿಲ್ಲ ಎಂದು ಕೇಳುತ್ತಿದ್ದೆಯಲ್ಲ, ಇಸ್ತ್ರಿಯವನ ಮನೆಗೂ ನಮಗೂ ಒಂದೇ ಗೋಡೆ. ನಾನು ಮಾತಾಡುವಾಗ ಇವರ ಕೆಮ್ಮು ನಿನಗೆ ಕೇಳಿಸುತ್ತಿತ್ತು. ಕಾಗದಕ್ಕೆ ಕೆಮ್ಮು ಕೇಳಿಸುವುದಿಲ್ಲ. ನಿಮ್ಮ ಹುಡುಗ ಬಂದಾಗ, ‘ದುಡಿಯೋರು ಎಷ್ಟು ಜನ’ ಎಂದು ಕೇಳಿದ. ಇವರು ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದರು. ಒಬ್ಬಳೇ ಎನ್ನಲು ನಾಲಿಗೆ ಏಳಲಿಲ್ಲ. ಇಬ್ಬರು ಎಂದೆ. ಅದೊಂದೇ ಸುಳ್ಳು.

ಇವರು ಹೋದ ದಿನ ಬಹಳ ಜನ ಬಂದಿದ್ದರು. ಹಾಸಿಗೆ ಅಂಗಡಿಯ ಮಾಲೀಕರೂ ಬಂದರು. ಇಸ್ತ್ರಿಯವನು ನಾಲ್ಕು ಕುರ್ಚಿಗಳನ್ನೂ ಹೊತ್ತು ತಂದು ಬಾಗಿಲ ಮುಂದೆ ಹಾಕಿದ. ಆಗ ನೆನಪಾಯಿತು, ನಿನಗೆ ಕುರ್ಚಿಯ ಕಥೆ ಹೇಳುತ್ತೇನೆ ಎಂದಿದ್ದೆನಲ್ಲ.

ನಿನ್ನನ್ನು ಮುಂದಕ್ಕೆ ಓದಿಸಿ ಎಂದು ಹೇಳಲು ನಿನ್ನ ಟೀಚರ್ ಮನೆಗೆ ಬಂದಿದ್ದರು, ನೆನಪಿದೆಯೇ? ಕೂರಿಸಲು ಏನೂ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯರು ಬಾಗಿಲಲ್ಲಿ ನಿಂತೇ ಮಾತಾಡಿ ಹೋದರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೀನು ಹಾಸ್ಟೆಲಿಗೆ ಹೋದ ಮೇಲೆ ನಾನೇ ಮನೆ ಮನೆ ತಿರುಗಿ ಸೆರಗೊಡ್ಡಿ ಹಣ ಕೂಡಿಸಿದೆ. ಎಲ್ಲರೂ ಕೊಟ್ಟರು. ನಾಲ್ಕು ನೀಲಿ ಪ್ಲಾಸ್ಟಿಕ್ ಕುರ್ಚಿ ಬಂದವು. ಅವು ಓಣಿಯವು. ಇಸ್ತ್ರಿಯವನ ಮನೆಯಲ್ಲಿ ಇರುತ್ತವೆ, ಯಾರ ಮನೆಗೆ ಅತಿಥಿ ಬಂದರೂ ಅಲ್ಲಿಗೆ ಹೋಗುತ್ತವೆ. ನಿಮ್ಮವರು ಬಂದ ದಿನ ನೋಡಬೇಕಿತ್ತು! ಅವರು ಒಂದು ಮನೆಯ ಮುಂಬಾಗಿಲಿಂದ ಹೊರಗೆ ಬರುವುದೇ ತಡ, ಕುರ್ಚಿಗಳು ಹಿಂಬಾಗಿಲಿಂದ ಮುಂದಿನ ಮನೆಗೆ. ಇಸ್ತ್ರಿಯವನ ಬೆವರು ಇಳಿದುಹೋಯಿತು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದು ನಿನ್ನ ಚಿಕ್ಕಪ್ಪ ಮೂರು ದಿನ ನಕ್ಕರು. ನೀನು ರಜೆಗೆ ಬಂದಾಗ ಅವನ್ನು ಕಂಡಿರಲಾರೆ. ಮನೆಯ ಮಗುವಿಗೆ ಯಾರು ಕುರ್ಚಿ ಹಾಕುತ್ತಾರೆ?

ನೀನು ಕಳಿಸಿದ ಹಣ ಆಸ್ಪತ್ರೆಯ ಖರ್ಚಿಗಾಯಿತು. ಸ್ವಲ್ಪ ಮೊದಲು ಕೇಳಬೇಕಿತ್ತು ನಾನು.

ಚಿಕ್ಕಮ್ಮ

ಅಕ್ಟೋಬರ್ 11

ಚಿಕ್ಕಮ್ಮ,

ಬಂದೆ, ಎರಡು ದಿನ ಇದ್ದೆ, ಹೇಳಬೇಕಾದ್ದನ್ನು ಹೇಳದೆ ಬಂದೆ. ನೀನು ಎದುರಿಗೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ಮತ್ತೆ ಮತ್ತೆ ಸೋಲುತ್ತಿದ್ದೆ. ನಾನು ಪೋಣಿಸಿಕೊಡುತ್ತೇನೆ ಎಂದರೆ ನೀನು ಬೇಡ ಎಂದೆ.

ಆ ಕೆಲವೇ ಪ್ರಶ್ನೆಗಳಲ್ಲಿ ಒಂದು ನನ್ನದು ಎಂದಿದ್ದೆನಲ್ಲ. ಕುರ್ಚಿ. ಅದೇ ನನ್ನ ಪ್ರಶ್ನೆ.

ಶಾಲೆಗೆ ಸೇರಿಸಲು ಬಾಡಿಗೆ ಚೀಟಿಗೆ ಸಹಿ ಬೇಕೆಂದು ಮನೆ ಮಾಲೀಕರ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿದ್ದೆಯಲ್ಲ, ಮಧ್ಯಾಹ್ನವಿಡೀ ನಿಂತಿದ್ದೆವು. ನನಗೆ ಕಾಲು ನೋಯಿತು, ಹೋಗಿ ಅವರ ಕುರ್ಚಿಯ ಕೈ ಹಿಡಿದುಕೊಂಡೆ. ಅವರ ಹೆಂಡತಿ ಬಟ್ಟೆ ತಂದು ನಾನು ಮುಟ್ಟಿದ ಜಾಗವನ್ನು ಒರೆಸಿದರು. ಲೋಕದಲ್ಲಿ ಎರಡೇ ಬಗೆಯ ಜನ, ಕುರ್ಚಿ ಇರುವವರು ಮತ್ತು ನಿಂತಿರುವವರು, ಎಂದು ಅವತ್ತು ತಿಳಿದುಕೊಂಡೆ. ಸಭೆಯಲ್ಲಿ ಅದನ್ನೇ ಹೇಳಿದ್ದು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಕುರ್ಚಿಗೆ ಬಿತ್ತು. ಅದೊಂದು ಇಲ್ಲದಿದ್ದರೆ ನಮ್ಮ ಓಣಿ ಇಡಿಯಾಗಿ ಗೆರೆಯ ಕೆಳಗೆ ಬರುತ್ತಿತ್ತು. ಲೆಕ್ಕ ಹಾಕಿ ನೋಡಿದೆ. ಏಪ್ರಿಲಿನಿಂದಲೇ ಹಣ ಬರುತ್ತಿತ್ತು, ಮಾತ್ರೆ ನಿಲ್ಲುತ್ತಿರಲಿಲ್ಲ.

ಪ್ರೊಫೆಸರಿಗೆ ಎಲ್ಲ ಹೇಳಿದೆ. ಓಣಿಯ ಹಾಳೆ ತೆಗೆದು ಮತ್ತೊಮ್ಮೆ ನೋಡಿದರು. ಆಮೇಲೆ, “ಒಂದು ಓಣಿಗೋಸ್ಕರ ಅಳತೆ ಬದಲಾಯಿಸಿದ್ರೆ ಅದು ಅಳತೆ ಅಲ್ಲಮ್ಮ, ದಯೆ. ದಯೆ ತೋರಿಸೋಕೆ ನಮ್ಮನ್ನ ಇಲ್ಲಿ ಇಟ್ಟಿಲ್ಲ. ಇಂಥ ತಪ್ಪು ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಇರುತ್ತೆ” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ, ಅದೇ ಸಂಕಟ. ಎರಡನೇ ಅಳತೆಯಲ್ಲಿ ಗೆರೆಯ ಕೆಳಗೆ ಬಂದವರಿಗೂ ನೆರವು ಕೊಡಲು ಮಾತ್ರ ಒಪ್ಪಿದ್ದಾರೆ.

ಜನವರಿಯಲ್ಲಿ ಮತ್ತೆ ಬರುತ್ತಾರೆ. ನಿಯಮ ಮುರಿದು ಹೇಳುತ್ತಿದ್ದೇನೆ: ಕುರ್ಚಿ ಹೊರಗೆ ತರಬೇಡಿ.

ಮೇ ತಿಂಗಳಲ್ಲಿ ನಾನು ಬರೆದ ಕಾಗದ ನಿನ್ನ ಹತ್ತಿರ ಇದ್ದರೆ ಅದನ್ನಾದರೂ ಸುಟ್ಟುಬಿಡು.

ಯಾಕಮ್ಮ

ನವೆಂಬರ್ 23

ಚಿಕ್ಕಮ್ಮ,

ಒಂದು ಸಾಲು ಬರೆ. ಬೈದಾದರೂ ಬರೆ.

ಜನವರಿ 30

ಮಗಳಿಗೆ ಆಶೀರ್ವಾದ.

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಶಾಪ ಬರುತ್ತದೇನೋ ಎಂದು ಹೆದರಿ ಪೆನ್ನು ಮುಟ್ಟಲಿಲ್ಲ. ನನಗೆ ಕೋಪ ಬಂದಿತ್ತು. ಈಗಲೂ ಇದೆ. ಆದರೆ ನೀನು ಅಂದುಕೊಂಡದ್ದಕ್ಕಲ್ಲ.

ನಿನ್ನ ಪ್ರಶ್ನೆಗೆ ಕೋಪವಿಲ್ಲ. ಚಿಕ್ಕ ಮಗು ಕಂಡದ್ದು ಸುಳ್ಳಲ್ಲ. ಆ ಹೆಂಗಸು ಕುರ್ಚಿ ಒರೆಸಿದ್ದನ್ನು ನಾನೂ ನೋಡಿದ್ದೆ, ನೀನು ಮರೆತಿರಬಹುದು ಎಂದು ಇಷ್ಟು ವರ್ಷ ಆಸೆ ಇಟ್ಟುಕೊಂಡಿದ್ದೆ. ನನ್ನ ಕೋಪ ಮೇ ತಿಂಗಳ ಕಾಗದಕ್ಕೆ. ನಾಲ್ಕು ಕುರ್ಚಿ ಇರುವ ಮನೆಯವಳು ಸುಳ್ಳು ಹೇಳಿ ಹಣ ಕೇಳುತ್ತಿದ್ದಾಳೆ ಎಂದುಕೊಂಡೆಯಲ್ಲ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವವಳು ನೀನು. ‘ಚಿಕ್ಕಮ್ಮ ಯಾವತ್ತೂ ಕೇಳದವಳು ಈಗ ಯಾಕೆ ಕೇಳುತ್ತಿದ್ದಾಳೆ’ ಎಂಬುದನ್ನು ಮಾತ್ರ ಕೇಳಲಿಲ್ಲ. ಆ ಕಾಗದವನ್ನು ಇವರಿಗೆ ಓದಿ ಹೇಳಲಿಲ್ಲ. “ಏನು ಬರೆದಿದ್ದಾಳೆ?” ಎಂದರು. ಬಿಸಿಲು ಜೋರಂತೆ, ನಿಮ್ಮನ್ನು ಕೇಳಿದ್ದಾಳೆ ಎಂದೆ.

ಇನ್ನೊಂದೂ ಹೇಳಿಬಿಡುತ್ತೇನೆ. ಇವರು ಹೋದ ಮೇಲೆ ನೀನು ಬಂದೆಯಲ್ಲ, ಬಾಗಿಲಲ್ಲಿ ನಿನ್ನ ಚೀಲ, ನಿನ್ನ ಚಪ್ಪಲಿ, ನಿನ್ನ ಕೈಗಡಿಯಾರ ನೋಡಿದೆ. ಕಾಲು ತಾನಾಗಿ ಇಸ್ತ್ರಿಯವನ ಮನೆಗೆ ಹೋಯಿತು. ಕುರ್ಚಿ ತಂದು ನಿನ್ನ ಮುಂದೆ ಹಾಕಿದೆ. ಹಾಕಿದ ಮೇಲೆಯೇ ನನಗೆ ತಿಳಿದದ್ದು, ಏನು ಮಾಡಿದೆ ಎಂದು. ನೀನು ಅದನ್ನು ತಳ್ಳಿ ನನ್ನ ಪಕ್ಕ ನೆಲಕ್ಕೆ ಕೂರುತ್ತೀಯ ಎಂದು ಕಾದೆ. ನೀನು ಕೂತೆ, ಕುರ್ಚಿಯ ಮೇಲೆ. ಎರಡು ದಿನವೂ ನೀನು ಮೇಲೆ, ನಾನು ಕೆಳಗೆ. ನೀನು ಕೆಳಗಿದ್ದಿದ್ದರೆ ದಾರ ಪೋಣಿಸಲು ಕೊಡುತ್ತಿದ್ದೆ.

ನಿಮ್ಮವರು ಮೊನ್ನೆ ಬಂದು ಹೋದರು. ಈ ಸಲ ಅದೇ ಹುಡುಗಿ, ಒಬ್ಬಳೇ. ಓಣಿಯವರೆಲ್ಲ ಸೇರಿ ಕುರ್ಚಿಗಳನ್ನು ಇಸ್ತ್ರಿಯವನ ಅಟ್ಟಕ್ಕೆ ಏರಿಸಿ ಬಟ್ಟೆ ಮುಚ್ಚಿದ್ದೆವು. ಅವಳು ನಮ್ಮ ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ. ಬಾಗಿಲಿಗೆ ಒರಗಿ ನಿಂತು ಬರೆದುಕೊಂಡಳು. “ಹೋದ್ಸಲ ಕುರ್ಚಿ ಇತ್ತಲ್ವಾಮ್ಮ?” ಎಂದಳು. ಓಣಿಯದು, ನಮ್ಮದಲ್ಲ ಎಂದೆ. ಅದು ನಿಜವೇ. ಆದರೂ ಅವಳು ಕಾಲು ಬದಲಿಸಿ ಬದಲಿಸಿ ನಿಲ್ಲುವುದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಗಂಡ ಸತ್ತಾಗಲೂ ನಾನು ಬಡವಳು ಎಂದು ಅನ್ನಿಸಿರಲಿಲ್ಲ ಮಗಳೇ. ಅವತ್ತು ಅನ್ನಿಸಿತು.

ಓಣಿಗೆ ಹಣ ಬರಲಿ. ಇಸ್ತ್ರಿಯವನ ತಾಯಿಗೆ ಕಣ್ಣಿನ ಆಪರೇಷನ್ ಆಗಬೇಕು.

ಚಿಕ್ಕಮ್ಮ

ಫೆಬ್ರವರಿ 26

ಚಿಕ್ಕಮ್ಮ,

ಎರಡನೇ ಅಳತೆ ಬಂತು. ಓಣಿಯ ಎಲ್ಲ ಮನೆಗಳೂ ಗೆರೆಯ ಕೆಳಗೆ ಬಂದಿವೆ, ಎಲ್ಲರಿಗೂ ಹಣ ಬರುತ್ತದೆ, ಇಸ್ತ್ರಿಯವನಿಗೆ ಹೇಳು. ಒಂದು ಮನೆ ಬಿಟ್ಟು.

ಇದನ್ನು ಬೇರೆ ಯಾರಿಂದಲೋ ನೀನು ಕೇಳಬಾರದು, ನಾನೇ ಹೇಳುತ್ತೇನೆ. ದುಡಿಯುವ ಒಂದು ಜೊತೆ ಕೈಗೆ ಉಣ್ಣುವ ಬಾಯಿ ಎಷ್ಟು ಎಂದು ಒಂದು ಪ್ರಶ್ನೆಯಿದೆ. ಬಾಯಿ ಹೆಚ್ಚಿದ್ದರೆ ಮನೆ ಬಡವಾಗಿದೆ ಎಂದು ಲೆಕ್ಕ. ಚಿಕ್ಕಪ್ಪ ಮಲಗಿದ್ದಾಗ ನಿಮ್ಮ ಮನೆಯಲ್ಲಿ ಕೈ ಒಂದು ಜೊತೆ, ಬಾಯಿ ಎರಡು. ಅದನ್ನು ನೀನು ಹೇಳಲಿಲ್ಲ. ಈಗ ಕೈ ಒಂದು ಜೊತೆ, ಬಾಯಿ ಒಂದು. ಒಬ್ಬರಿಗೇ ಒಂದು ಕೋಣೆ, ಅದಕ್ಕೂ ಅಂಕ. ಕುರ್ಚಿ ಹೋದರೂ ನೀನು ಗೆರೆಯ ಮೇಲೆಯೇ ಉಳಿದೆ. ಅವರಿಲ್ಲದ್ದಕ್ಕೆ. ನಿನ್ನ ಮನೆಯ ಸಂಖ್ಯೆಯ ಮುಂದೆ, ಕೋಣೆಯ ಪ್ರಶ್ನೆಯ ಕೆಳಗೆ, ಕಂಪ್ಯೂಟರ್ ಒಂದು ಪದ ಬರೆದಿದೆ: ಸುಧಾರಿಸಿದೆ.

ಅದನ್ನು ಅಳಿಸಲು ನನ್ನ ಬೆರಳಿಗೆ ಒಂದು ಕ್ಷಣ ಸಾಕಿತ್ತು. ಅಳಿಸಲಿಲ್ಲ. ಒಂದನ್ನು ಅಳಿಸಿದೆ ಎಂದು ಗೊತ್ತಾದರೆ ಇಡೀ ಓಣಿಯದನ್ನೂ ನಂಬದೆ ಹಣ ನಿಲ್ಲಿಸುತ್ತಾರೆ. ಪ್ರೊಫೆಸರಿಗೆ ತೋರಿಸಿದೆ. ಸಂಜೆ ಎಲ್ಲರೂ ಹೋದ ಮೇಲೂ ಅದೇ ಹಾಳೆ ಹಿಡಿದುಕೊಂಡು ಕೂತಿದ್ದರು.

ನೀನು ಬರೆದದ್ದೆಲ್ಲ ನಿಜ. ನಾನು ಕೇಳಬೇಕಾದ ಒಂದೇ ‘ಯಾಕೆ’ಯನ್ನು ಕೇಳಲಿಲ್ಲ. ಕ್ಷಮಿಸು ಎಂದು ಕಾಗದದಲ್ಲಿ ಬರೆಯುವ ಧೈರ್ಯವಿಲ್ಲ. ಪ್ರತಿ ತಿಂಗಳೂ ಹಣ ಕಳಿಸುತ್ತೇನೆ. ಹಿಂದಕ್ಕೆ ಕಳಿಸಿದರೆ ನಾನೇ ತಂದು ಕೊಡುತ್ತೇನೆ, ಬೈಯುತ್ತಾ ಇರು.

ಶನಿವಾರ ಬರುತ್ತಿದ್ದೇನೆ. ಗುಂಡಿ ಹಾಕುವ ಅಂಗಿಗಳನ್ನು ನನಗೂ ಒಂದಿಷ್ಟು ಎತ್ತಿಡು. ಇಸ್ತ್ರಿಯವನ ಮನೆಗೆ ಮಾತ್ರ ಹೋಗಬೇಡ, ಚಿಕ್ಕಮ್ಮ. ಕುರ್ಚಿ ತರಬೇಡ.

ಯಾಕಮ್ಮ